ಕುಂಬಾರನ ಚೇಳುಮಂತ್ರ

"ಅರ್ಥ ಗೊತ್ತಿಲ್ಲದ ಮಂತ್ರ ಜಪಿಸಿ ಏನು ಉಪಯೋಗ, ಗುರುಗಳೇ? ಬಿಡಿಸಿ ಹೇಳಿ. ಇಲ್ಲಾಂದ್ರೆ ನಾಳೆಯಿಂದ ಜಪ ಬಿಟ್ಟುಬಿಡ್ತೀನಿ" ಅಂದ ಶಿಷ್ಯ ಸೇತುಮಾಧವ.

ಈ ತಿಂಗಳಲ್ಲಿ ಇದು ಒಂಬತ್ತನೇ ಸಲ. ಗುರು ಅವಧಾನಿಗಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಮಂತ್ರ ಕೊಟ್ಟವರೂ ತಾವೇ, ಅನುಭವಿಸಬೇಕಾದವರೂ ತಾವೇ.

"ಕೂತ್ಕೊಳ್ಳಯ್ಯ. ಮಧ್ಯೆ ಬಾಯಿ ಹಾಕಬೇಡ" ಅಂತ ಕತೆ ಶುರು ಮಾಡಿದರು.

ಒಂದೂರಲ್ಲಿ ಒಬ್ಬ ಕುಂಬಾರ. ಅವನ ಮೀಸೆಯಲ್ಲಿ ಎರಡು ಗುಬ್ಬಿ ಸಂಸಾರ ಹೂಡಿದ್ದವು. ಅವನಿಗೆ ಚೇಳಿನ ಮಂತ್ರ ಬರ್ತಿತ್ತು. ಕಡಿಸಿಕೊಂಡವರು ಅಳ್ತಾ ಬಂದು ನಗ್ತಾ ಹೋಗೋರು. ಅದು ನೋಡಿ ಊರಿನ ವರ್ತಕನಿಗೆ ಹೊಟ್ಟೆಕಿಚ್ಚು. ನನಗೂ ಕಲಿಸು ಅಂತ ಗಂಟುಬಿದ್ದ. ಕುಂಬಾರ ಕಲಿಸಿದ.

"ಇದಕ್ಕೊಂದು ಕಟ್ಟಳೆ ಇದೆ ಸ್ವಾಮಿ. ಕರೆ ಬಂದ್ರೆ ಬಾಯಲ್ಲಿರೋ ತುತ್ತು ಉಗಿದು ಏಳಬೇಕು."

"ಅದಿರಲಿ, ಅರ್ಥ ಏನು?"

"ನನಗೆ ಗೊತ್ತಿಲ್ಲ. ನಮ್ಮಪ್ಪಂಗೂ ಗೊತ್ತಿರಲಿಲ್ಲ."

ವರ್ತಕ ಪಂಡಿತರನ್ನ ಕರೆಸಿದ. ಅವರು ಹನ್ನೊಂದು ದಿನ ಕೂತು, ಮೂರು ಕೊಡ ತುಪ್ಪ ಖಾಲಿ ಮಾಡಿ, ಅಕ್ಷರಕ್ಕೆ ಏಳರಂತೆ ಅರ್ಥ ತೆಗೆದರು. ವರ್ತಕ ಅಷ್ಟನ್ನೂ ಬಾಯಿಪಾಠ ಮಾಡಿದ.

ಒಂದು ಮಧ್ಯಾಹ್ನ ಪಕ್ಕದ ಮನೆ ಮಗುವಿಗೆ ಚೇಳು ಕಡೀತು. ಮೊಳದುದ್ದದ ಚೇಳು.

"ಮೊಳದುದ್ದವೇ?" ಅಂದ ಸೇತುಮಾಧವ.

"ಸರಿ, ಗೇಣು ಅಂತಿಟ್ಟುಕೋ. ಚೇಳು ನನ್ನದೋ ನಿನ್ನದೋ?" ಅಂತ ಗದರಿ ಅವಧಾನಿಗಳು ಮುಂದುವರಿಸಿದರು.

ಮಗುವಿನ ಅಪ್ಪ ಓಡಿಬಂದು ವರ್ತಕನ ಬಾಗಿಲು ಬಡಿದ. ಎಲೆಗೆ ಆಗಷ್ಟೇ ಹೋಳಿಗೆ ಬಿದ್ದಿತ್ತು. "ಬಂದೆ ಇರಪ್ಪ" ಅಂದ ವರ್ತಕ. ಹೋಳಿಗೆ ಮುಗಿಸಿದ, ಹುಳಿಯನ್ನ ಮುಗಿಸಿದ, ಮಜ್ಜಿಗೆ ಸುರಿದು ಸೊರ್ರಂತ ಕುಡಿದ, ಎಲೆಅಡಿಕೆ ಹಾಕ್ಕೊಂಡು ಹೊರಟ. ಅರ್ಥ ನೆನೆನೆನೆದು ಮಂತ್ರ ಹೇಳಿದ. ವಿಷ ಮೊಣಕಾಲು ದಾಟಿ ಸೊಂಟಕ್ಕೇರ್ತು. ಮಗು ನೀಲಿಗಟ್ಟಿತು.

ಅಷ್ಟರಲ್ಲಿ ಸುದ್ದಿ ತಿಳಿದು ಕುಂಬಾರ ಓಡಿಬಂದ. ಮೊಣಕೈವರೆಗೂ ಹಸಿಮಣ್ಣು. ತಿಗರಿ ಮೇಲಿನ ಮಡಕೆ ಅರ್ಧಕ್ಕೇ ಬಿಟ್ಟು ಬಂದಿದ್ದ. ಅದೇ ಮಂತ್ರ ಹೇಳಿದ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ವಿಷ ಇಳೀತು. ಮಗು ಎದ್ದು ಕೂತು ಹಾಲು ಕೇಳಿತು.

"ಏನೋ ಬಚ್ಚಿಟ್ಟುಕೊಂಡು ಕಲಿಸಿದ್ದೀಯ ಕಳ್ಳ!" ಅಂತ ವರ್ತಕ ಎಗರಾಡಿದ.

"ಇಲ್ಲ ಸ್ವಾಮಿ. ಕಲಿಸಿದ್ದರಲ್ಲಿ ಅರ್ಧ ನೀವು ಕಿವಿಗೇ ಹಾಕ್ಕೊಳ್ಳಲಿಲ್ಲ" ಅಂದು ಕುಂಬಾರ ಹೊರಟುಹೋದ.

ಕತೆ ಮುಗೀತು. ಸೇತುಮಾಧವ ತಲೆ ಕೆರೆದುಕೊಂಡ. "ಅದು ಚೇಳಿನ ಮಂತ್ರ ಗುರುಗಳೇ, ಕರೆದರೆ ಏಳಲೇಬೇಕು. ನಾನು ಮೋಕ್ಷಕ್ಕೆ ಜಪ ಮಾಡೋನು. ನನ್ನನ್ನ ಯಾರು ಕರೀತಾರೆ?"

ಅವಧಾನಿಗಳು ಹಣೆ ಚಚ್ಚಿಕೊಂಡರು.

"ಬೆಳಿಗ್ಗೆ ಬಾವಿಕಟ್ಟೇಲಿ ಜಾರಿಬಿದ್ದು ಕೂಗ್ತಿದ್ದ ನಿಮ್ಮಮ್ಮನ್ನ ಮೂರು ಮನೆ ಆಚೆಯಿಂದ ನಾನು ಬಂದು ಎತ್ತಿದೆನಲ್ಲ, ಆಗ ನೀನು ಒಳಗೆ ಮಂತ್ರದ ಯಾವ ಅಕ್ಷರದಲ್ಲಿದ್ದೆ?"