ಅಡಿವೆಪ್ಪ ಡಿಸ್ಕ್ ಬ್ರೇಕ್ ಕೂಡಿಸಿದ್ದು

ಗುಡ್ಡದ ಬುಡದ ಒಂದೂರಲ್ಲಿ ನೀಲವ್ವ ಅಂತ ಒಬ್ಬಾಕೆ ಇದ್ದಳು. ಗಂಡ ತೀರಿಕೊಂಡ ಮೇಲೆ ಅವನ ಗ್ಯಾರೇಜನ್ನು ಆಕೆಯೇ ನಡೆಸುತ್ತಿದ್ದಳು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಗಟ್ಟಿಗಿತ್ತಿ! ಆಕೆಗೊಬ್ಬ ಮಗ, ಅಡಿವೆಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಪಾಪ, ಸೋಮಾರಿಯಲ್ಲ, ಸುಳ್ಳುಗಾರನಲ್ಲ. ಅವ್ವ ಏನು ಹೇಳಿದರೂ ಹೇಳಿದ ಹಾಗೇ ಮಾಡುವವನು. ತೊಂದರೆ ಇದ್ದದ್ದೇ ಅಲ್ಲಿ. ನೀಲವ್ವ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು.

ಒಂದು ದಿನ ಬಟ್ಟೆ ಅಂಗಡಿಯ ಬಸೆಟ್ಟೆಪ್ಪನವರು ತಮ್ಮ ಅಪ್ಪನ ಕಾಲದ ಕಾರು ತಂದು ನಿಲ್ಲಿಸಿದರು. ಕಾರು ಮುದಿ, ಹೊಳಪು ಮಾತ್ರ ಮದುವಣಗಿತ್ತಿಯದು.

"ನೀಲವ್ವಾ, ಗುಡ್ಡಾ ಇಳಿಯೂಮುಂದ ಇದರ ಡ್ರಮ್ ಬ್ರೇಕ್ ಕಾದು ಹಿಡೀವಲ್ವು. ತಗದು ಡಿಸ್ಕ್ ಬ್ರೇಕ್ ಕೂಡಿಸ್ತೀ ಏನು? ಆಗೂದಿಲ್ಲಂದ್ರ ಹೇಳು, ಹುಬ್ಬಳ್ಳಿಗೆ ಒಯ್ತೀನಿ."

"ಯಾಕಾಗೂದಿಲ್ರಿ ಯಪ್ಪಾ? ನಾನೂ ನನ್ನ ಮಗಾ ಕೂಡಿ ಮಾಡ್ತೀವಿ!"

ಆ ಊರಲ್ಲಿ ಅಂಥ ಕೆಲಸ ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ. ನೀಲವ್ವ ತಲೆಯೆತ್ತಿಯೇ ಹೇಳಿದಳು. ಮಗನ ಮಾತು ಬಂದ ಕೂಡಲೇ ಬಸೆಟ್ಟೆಪ್ಪನವರ ಮುಖ ಹುಳ್ಳಗಾಯಿತು.

ಸರಿ, ಮುಂದಿನ ಚಕ್ರ ಬಿಚ್ಚಿ ಡ್ರಮ್ ಇಳಿಸಿದ್ದಾಯಿತು. "ಅಂಗಡಿಗೆ ಹೋಗಿ ಹೊಸಾ ಬೇರಿಂಗ್ ತೊಗೊಂಡು ಬಾರೋ" ಅಂದಳು ಅವ್ವ. ಅಡಿವೆಪ್ಪ ಹೋದ, ತಂದ. ಹೇಗೆ ತಂದ? ಪೇಟೆಯಿಂದ ಮನೆಯವರೆಗೆ ಧೂಳಲ್ಲಿ ಉರುಳಿಸುತ್ತ ತಂದ!

"ಅವ್ವಾ, ಉರುಳೂ ಸಾಮಾನು ಉರುಳಿಸಿಕೋತ ತಂದೀನಿ!" ಅಂತ ಎದೆಯುಬ್ಬಿಸಿ ನಿಂತ.

"ಅಯ್ಯ ಮಳ್ಳಾ! ಇದರ ಹೊಟ್ಟಿ ತುಂಬ ಮಣ್ಣು! ಸಾಮಾನು ತಂದ್ರ ಮೊದಲ ಮೈತುಂಬ ಗ್ರೀಸ್ ಮೆತ್ತಬೇಕು, ಸಂದಿ ಸಂದಿಗೂ ತುಂಬಬೇಕು. ತಿಳೀತೇನು?"

"ತಿಳೀತವ್ವಾ, ಹಂಗ ಮಾಡ್ತೀನಿ."

ಮರುದಿನ ಬ್ರೇಕ್ ಪ್ಯಾಡ್ ತರಲು ಕಳಿಸಿದಳು. ಡಿಸ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಅಮರಿ ಹಿಡಿದು ಗಾಡಿ ನಿಲ್ಲಿಸುವುದೇ ಈ ಪ್ಯಾಡು. ಅಡಿವೆಪ್ಪ ಹೋದ, ತಂದ, ಹೋಳಿಗೆಗೆ ತುಪ್ಪ ಸವರಿದ ಹಾಗೆ ಗ್ರೀಸ್ ಸವರಿ ಮುಂದಿಟ್ಟ.

"ಅವ್ವಾ, ನೀ ಹೇಳಿದಂಗ ಮಾಡೀನಿ! ಸಂದಿ ಸಂದಿಗೂ ತುಂಬೀನಿ!"

"ಅಯ್ಯ ಮಳ್ಳಾ! ಪ್ಯಾಡಿಗೆ ಗ್ರೀಸ್ ಹಚ್ಚಿದ್ರ ಗಾಡಿ ಸೀದಾ ಕೆರಿಗೆ ಹೋಗಿ ನಿಂದ್ರತೈತಿ! ಬ್ರೇಕಿನ ಸಾಮಾನಿನಾಗ ಒಂದು ಹನಿ ಎಣ್ಣಿ ಇರಬಾರದು. ಇದ್ರ ಪೂರಾ ತಗದು, ತೊಳದು, ಒಣಗಿಸಿ ತರಬೇಕು!"

"ಆತವ್ವಾ, ಹಂಗ ಮಾಡ್ತೀನಿ."

ಡಿಸ್ಕಿನ ತಟ್ಟೆ ಹಾಕಿ, ನೀಲವ್ವ ಬೇರೆ ಪ್ಯಾಡು ತಂದು ಕೂಡಿಸಿದಳು. ಇನ್ನು ಉಳಿದದ್ದು ಬ್ರೇಕಿಗೆ ಹಾಕುವ ಎಣ್ಣೆ. ಅಡಿವೆಪ್ಪ ಹೋದ, ಎಣ್ಣೆಯ ಡಬ್ಬಿ ಕೊಂಡ, ಗಟಾರಕ್ಕೆ ಸುರಿದ, ಸೋಪು ಹಾಕಿ ತಿಕ್ಕಿದ, ಬಿಸಿಲಿಗೆ ಒಣಗಿಸಿದ, ಥಳಥಳ ಹೊಳೆಯುವ ಖಾಲಿ ಡಬ್ಬಿ ತಂದು ಅವ್ವನ ಕೈಗಿಟ್ಟ.

"ಮೂಗು ಹಾಕಿ ನೋಡವ್ವಾ, ವಾಸನಿ ಸೈತ ಬರೂದಿಲ್ಲ!"

"ನನ್ನ ಕರ್ಮವೇ! ಎಣ್ಣಿ ಇರಬೇಕೋ, ಗಾಳಿ ಇರಬಾರದು! ಗಾಳಿ ಹೊಕ್ಕರ ಎಲ್ಲಾ ಹಾಳು. ಎಲ್ಲೆ ಗಾಳಿ ಐತಿ ಅಲ್ಲಿಂದ ಹೊರಗ ಹಾಕಬೇಕು!"

ಆಕೆಯೇ ಹೋಗಿ ಎಣ್ಣೆ ತಂದಳು, ತುಂಬಿದಳು, ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕಿದಳು. ಕೆಲಸ ಒಪ್ಪವಾಗಿ ಕೂತಿತ್ತು. ಹೆಮ್ಮೆಯಿಂದ ಕೈ ಒರೆಸಿಕೊಳ್ಳುತ್ತ, "ಚಕ್ರ ಹಾಕಿ ಇಳಸೋ, ಒಂದು ತುತ್ತು ಉಂಡು ಬರ್ತೀನಿ" ಅಂತ ಒಳಗೆ ಹೋದಳು. ಬರುವಷ್ಟರಲ್ಲಿ ಕಾರು ನೆಲಕ್ಕೆ ಕುಂಡೆಯೂರಿ ಕೂತಿದೆ! ನಾಲ್ಕೂ ಟೈರು ಚಪ್ಪಟೆ!

"ಗಾಳಿ ಹೊರಗ ಹಾಕೀನವ್ವಾ! ಒಂದು ಉಸುರೂ ಉಳಿಸಿಲ್ಲ!"

ಅದೇ ಹೊತ್ತಿಗೆ ಬಸೆಟ್ಟೆಪ್ಪನವರು ಬರಬೇಕೆ?

"ಸಾಕು ನೀಲವ್ವಾ. ಇವ ಮುಟ್ಟಿದ ಬ್ರೇಕ್ ನಂಬಿ ನಾ ಗುಡ್ಡಾ ಇಳೀಲೇನು? ಗಾಡಿ ಹುಬ್ಬಳ್ಳಿಗೆ ಹೋಗತೈತಿ."

ಈ ಗಾಡಿ ಹೋದರೆ ಗ್ಯಾರೇಜಿನ ಹೆಸರೂ ಹೋದಂತೆ. ಆಮೇಲೆ ಯಾರು ತಮ್ಮ ಗಾಡಿ ನೀಲವ್ವನ ಕೈಗೆ ಕೊಟ್ಟಾರು?

"ಸ್ವಲ್ಪ ತಡೀರಿ ಯಪ್ಪಾ. ಟೈರಿಗೆ ಗಾಳಿ ತುಂಬಿ ಗುಡ್ಡದ ಮ್ಯಾಲಿಂದ ನಾನಽ ಇಳಿಸಿಕೊಂಡು ಬರ್ತೀನಿ. ಹೇಳಿದ ಜಾಗಾದಾಗ ನಿಂದ್ರಲಿಲ್ಲಂದ್ರ ಒಯ್ಯಿರಿ!"

ಊರಿಗೆ ಊರೇ ಇಳಿಜಾರಿನ ಬುಡಕ್ಕೆ ಬಂತು. ನೀಲವ್ವ ರಸ್ತೆಗೆ ಅಡ್ಡ ಸುಣ್ಣದ ಗೆರೆ ಎಳೆದಳು. ಮಗನ ರಟ್ಟೆ ಹಿಡಿದು, "ನೀ ಇನ್ನ ಏನೂ ಮುಟ್ಟಬ್ಯಾಡ. ಇಲ್ಲೇ ನಿಂದ್ರು. ನಾ ಬರೂತನಕ ಅಳ್ಳಾಡಬ್ಯಾಡ!" ಅಂತ ಹೇಳಿ ಕಾರಲ್ಲಿ ಗುಡ್ಡ ಹತ್ತಿದಳು. ಅಡಿವೆಪ್ಪ ಅಲ್ಲೇ ನಿಂತ. ಎಲ್ಲಿ? ಗೆರೆಯ ಆಚೆ, ನಟ್ಟನಡು ರಸ್ತೆಯಲ್ಲಿ!

ಕಾರು ಬಂತು. ಬಂತು, ಬಂತು, ರೊಯ್ಯನೆ ಬಂತು. "ಸರಿಯೋ! ಹಾರೋ!" ಅಂತ ಜನ ಬಾಯಿ ಬಾಯಿ ಬಡಿದುಕೊಂಡರು. ಅವನು ಕಣ್ಣು ಸಹ ಪಿಳುಕಿಸಲಿಲ್ಲ. ನೀಲವ್ವ ಮಗನನ್ನು ಕಂಡಳು. ಇದ್ದಬದ್ದ ಬಲವನ್ನೆಲ್ಲ ಕಾಲಿಗೆ ತಂದು ಬ್ರೇಕ್ ಒತ್ತಿದಳು. ಡಿಸ್ಕ್ ಕಚ್ಚಿತು! ಕಾರು ಗೆರೆಯ ಮೇಲೆ ಗಕ್ಕನೆ ನಿಂತಿತು. ಅಡಿವೆಪ್ಪನ ಮೊಣಕಾಲಿಗೂ ಬಂಪರಿಗೂ ನಡುವೆ ಒಂದು ಗೇಣು.

ಬಸೆಟ್ಟೆಪ್ಪನವರು ಓಡಿ ಬಂದು ಕೇಳಿದರು, "ಏನಪಾ, ನಿನಗ ಅಂಜಿಕಿ ಬರಲಿಲ್ಲೇನು?"

"ಯಾಕ ಅಂಜಲ್ರಿ? ಬ್ರೇಕ್ ನಮ್ಮವ್ವ ಕೂಡಿಸ್ಯಾಳ."

ಬಸೆಟ್ಟೆಪ್ಪನವರು ಬಾಗಿಲು ತೆಗೆದು ಕಾರಿನ ಹಿಂದಿನ ಸೀಟಲ್ಲಿ ಕೂತರು. "ಊರಾಗ ಒಂದು ಸುತ್ತು ಹಾಕು ನೀಲವ್ವಾ. ಎಲ್ಲಾರೂ ನೋಡ್ಲಿ" ಅಂದರು. ಯಾರೋ ಕಾರಿಗೊಂದು ಹಾರ ಹಾಕಿದರು.

ನೀಲವ್ವ ಮಾತ್ರ ಇಳಿದು ಮಗನನ್ನು ತಬ್ಬಿಕೊಂಡು ಗಳಗಳ ಅತ್ತಳು. ಇಂಥ ಮಗ ಯಾರಿಗಿದ್ದಾನೆ ಅಂತ ಹೆಮ್ಮೆಯಿಂದ ಅತ್ತಳು. ಅತ್ತು ಮುಗಿದ ಮೇಲೆ ಬೆನ್ನಿಗೊಂದು ಗುದ್ದಿದಳು.

"ಅಯ್ಯ ಮಳ್ಳಾ! ಕಾರು ಮೈಮ್ಯಾಲ ಬಂದ್ರ ಓಡಬೇಕೋ! ಹೊಳ್ಳಿ ನೋಡದಽ ಸೀದಾ ಮನಿಗೆ ಓಡಿ ಬಾಗಲಾ ಹಾಕ್ಕೋಬೇಕು!"

"ಆತವ್ವಾ, ಹಂಗ ಮಾಡ್ತೀನಿ."

ಆಕೆ ಹೋಗಿ ಕೂತು ಕಾರು ಶುರು ಮಾಡಿದಳು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋಣ ಅಂತ ಅವನತ್ತ ಒಂದು ಮಾರು ಬಿಟ್ಟಳಷ್ಟೇ, ಅಡಿವೆಪ್ಪ ಕಿತ್ತನಪ್ಪ ಓಟ! "ನಿಂದ್ರೋ!" ಅಂತ ಅವ್ವ, "ಹತ್ತೋ ಮಾರಾಯಾ!" ಅಂತ ಬಸೆಟ್ಟೆಪ್ಪನವರು. ಅವನು ತಿರುಗಿ ನೋಡಿದರೆ ಕೇಳಿ! ಮುಂದೆ ಅಡಿವೆಪ್ಪ, ಹಿಂದೆ ಹಾರ ಹಾಕಿದ ಕಾರು, ಅದರ ಹಿಂದೆ ಕೇಕೆ ಹಾಕುತ್ತ ಊರು. ಪೇಟೆ ದಾಟಿ, ಓಣಿ ದಾಟಿ, ಮನೆ ಹೊಕ್ಕು, ಧಡಾರನೆ ಬಾಗಿಲು ಹಾಕಿ ಅಗಳಿ ಜಡಿದ.

ಕಾರು ಬಾಗಿಲ ಮುಂದೆಯೇ ಮೆತ್ತಗೆ ನಿಂತಿತು. "ಬಾಗಲಾ ತಗಿಯೋ, ನಾ ನಿಮ್ಮವ್ವ!" ಅಂತ ನೀಲವ್ವ ಕೂತಲ್ಲಿಂದಲೇ ಕೂಗಿದಳು.

ಅವ್ವನ ದನಿ ಕೇಳಿ ಅಡಿವೆಪ್ಪನ ಜೀವ ಹಾರಿಹೋಯಿತು. ಒಳಗಿಂದಲೇ ಒದರಿದ:

"ಲಗೂನ ಓಡವ್ವಾ, ಓಡು! ಕಾರು ನಿನ್ನ ಬೆನ್ನ ಹತ್ತೈತಿ!"