ಒಂಟಿಕಾಲಿನ ಬಸವನಹುಳುವಿಗೆ ಸಿಕ್ಕ ಪಾಲು

ದಡದ ಮರಳು ಇನ್ನೂ ಬಂಡೆಯಾಗಿದ್ದ ಕಾಲ. ಆಗ ಯಾರ ಮೈಮೇಲೂ ಏನೂ ಇರಲಿಲ್ಲ. ನೀರುನಾಯಿಗೆ ತುಪ್ಪಳವಿಲ್ಲ, ಕಡಲ ಬಸವನಹುಳುವಿಗೆ ಚಿಪ್ಪಿಲ್ಲ.

ಒಂದು ಬೆಳಗ್ಗೆ ಕಡಲವ್ವ ಹೊದಿಕೆಗಳನ್ನೆಲ್ಲ ದೊಡ್ಡ ಬಲೆಯಲ್ಲಿ ತುಂಬಿ, ಹಗ್ಗವನ್ನು ದಡಕ್ಕೆ ಎಸೆದಳು. "ಎಳೆದುಕೊಳ್ಳಿ. ಎಳೆದವರಿಗೆಲ್ಲ ಪಾಲು," ಎಂದಳು.

ನೀರುನಾಯಿ ಮೀಸೆ ಕುಣಿಸುತ್ತ, ಮುಂಗಾಲುಗಳಲ್ಲಿ ಹಗ್ಗ ಹಿಡಿದು ಎಳೆದ. ಬಸವನಹುಳುವಿಗೆ ಕೈಯೆಲ್ಲಿದೆ? ಇದ್ದದ್ದು ಒಂದೇ ಕಾಲು, ಅದೂ ಹೊಟ್ಟೆಯ ಅಡಿಗೆ. ಅವಳು ನೋಡುತ್ತ ಕುಳಿತಳು. ಅಲೆ ಸೆಳೆದಾಗೆಲ್ಲ ಹಗ್ಗ ಹಿಂದೆ ಹೋಗುತ್ತದಲ್ಲ, ಯಾಕೆ? ತಡೆದು ನಿಲ್ಲಿಸುವವರಿಲ್ಲ, ಅದಕ್ಕೆ!

ಅವಳು ತನ್ನ ಒಂಟಿಕಾಲಿನಿಂದ ಹಗ್ಗವನ್ನು ಬಂಡೆಗೆ ಒತ್ತಿ ಹಿಡಿದಳು. ನೀರುನಾಯಿ ಎಳೆದಾಗ ಸಡಿಲ, ಅಲೆ ಸೆಳೆದಾಗ ಬಿಗಿ. ಎಳೆದಾಗ ಸಡಿಲ, ಸೆಳೆದಾಗ ಬಿಗಿ.

ಬಲೆ ದಡಕ್ಕೆ ಬಂತು. ಹಂಚಲು ನಿಂತವನು ಏಡಿ. ಗಟ್ಟಿ ಚಿಪ್ಪೊಂದನ್ನು ತಾನು ಆಗಲೇ ತೊಟ್ಟುಕೊಂಡಿದ್ದ. ನೀರುನಾಯಿ ಎರಡು ಪದರದ ತುಪ್ಪಳ ಆರಿಸಿಕೊಂಡ. ಹಗುರ, ಓಡಬಹುದು, ಈಜಬಹುದು.

ಬಸವನಹುಳು ತೆವಳಿ ಬರುವಷ್ಟರಲ್ಲಿ ನೀರು ಇಳಿದು, ಬಿಸಿಲು ನೆತ್ತಿಗೆ ಬಂದಿತ್ತು. ಬರಿಮೈ ಒಣಗುತ್ತಿತ್ತು. ಹೊದಿಕೆ ಸಿಗದಿದ್ದರೆ ಸಂಜೆಯೊಳಗೆ ಸಾವೇ.

"ಯಾವ ಕೈಯಲ್ಲಿ ಎಳೆದೆ, ಮಾರಾಯ್ತಿ?" ಏಡಿ ಕೊಂಡಿಯನ್ನು ಟಕ್ಕೆನಿಸಿದ. "ಕೈಯಿಲ್ಲದವಳಿಗೆ ಪಾಲಿಲ್ಲ."

"ಏಡಿಯಣ್ಣ, ಒಂದು ಮಾತು ಕೇಳಲೇ? ಅಲೆ ಸೆಳೆದಾಗ ಹಗ್ಗ ಯಾಕೆ ಹಿಂದೆ ಹೋಗಲಿಲ್ಲ?"

"ನನಗೇನು ಗೊತ್ತು? ನಾನು ಎಳೆದವನಲ್ಲ, ಹಂಚುವವನು!"

"ಹಾಗಾದರೆ ಎಳೆಯದವನ ಬೆನ್ನಿಗೆ ಚಿಪ್ಪು ಎಲ್ಲಿಂದ ಬಂತು?"

ಏಡಿ ಎದುರು ನಿಲ್ಲಲಾರದೆ ಅಡ್ಡಡ್ಡ ಸರಿದ.

ನೀರುನಾಯಿ ಹತ್ತಿರ ಬಂದು ಅವಳನ್ನು ಮೂಸಿ ನೋಡಿದ. "ಅಲ್ಲ ತಂಗಿ, ಅದು ನೀನಾ? ನನ್ನ ಕೈ ಮೂರು ಸಲ ಜಾರಿತು, ಹಗ್ಗ ಜಾರಲೇ ಇಲ್ಲ. ಯಾವುದೋ ಭೂತ ಹಿಡಿದಿದೆ ಅಂದುಕೊಂಡಿದ್ದೆ! ಕಡಲವ್ವಾ, ಇವಳಿಗೂ ಪಾಲುಂಟು!"

"ಬಲೆಯಲ್ಲಿ ಇನ್ನು ಸುಣ್ಣ ಮಾತ್ರ ಉಳಿದಿದೆ ಮಗಳೇ, ಭಾರ," ಎಂದಳು ಕಡಲವ್ವ.

"ಭಾರವಾದರೆ ಆಗಲಿ. ಮನೆ ಕಟ್ಟಿಕೊಡು. ಒಳಗಿಂದ ಹಾಕುವ ಬಾಗಿಲೂ ಇರಲಿ. ಇನ್ನು ಯಾವ ಏಡಿಯ ಮುಂದೆಯೂ ನಾನು ಬರಿಮೈಯಲ್ಲಿ ನಿಲ್ಲುವುದಿಲ್ಲ."

ಕಡಲವ್ವ ಸುಳಿ ಎಬ್ಬಿಸಿ, ಸುಣ್ಣವನ್ನು ಅವಳ ಬೆನ್ನ ಮೇಲೆ ಸುತ್ತಿ ಸುತ್ತಿ ಮನೆ ಕಟ್ಟಿದಳು. ಬಸವನಹುಳು ಒಂದು ಗುಟುಕು ನೀರಿನೊಡನೆ ಒಳಗೆ ಸರಿದು ಬಾಗಿಲು ಹಾಕಿದಳು. ಬದುಕಿದಳು.

ನೀರುನಾಯಿ ಆ ಬಾಗಿಲನ್ನು ಆಸೆಯಿಂದ ನೋಡಿದ. "ನನಗೂ ಒಂದು?"

"ಸುಣ್ಣ ಮುಗಿಯಿತಪ್ಪ," ಎಂದಳು ಕಡಲವ್ವ.

ಅದಕ್ಕೇ ಮಗು, ಇಂದಿಗೂ ಹೊಳೆ ಕಡಲು ಸೇರುವ ಅಳಿವೆಯಲ್ಲಿ ನೀರುನಾಯಿ ತುಪ್ಪಳ ಕೊಡವಿಕೊಂಡು ದಡದ ಬೇರುಗಳ ನಡುವೆ ಬಿಲ ಹುಡುಕುತ್ತದೆ. ನೀರಿಳಿದಾಗ ಬಂಡೆಯ ಮೇಲಿನ ಬಸವನಹುಳುವನ್ನು ನೀನು ಎಷ್ಟು ಎಳೆದರೂ ಅದು ಹಿಡಿತ ಬಿಡುವುದಿಲ್ಲ.