ಹಿಂದಿರುಗದ ವೀಳ್ಯ

"ಗುರುಗಳೇ, ಯುದ್ಧ ಬೇಡವೆನ್ನುವವರಲ್ಲಿ ಸರಿಯಾದ ಕಾರಣ ಹೇಳಲಾರದವರೂ ಇರುತ್ತಾರೆ. ಅವರನ್ನು ಜೊತೆಗೆ ಸೇರಿಸಿಕೊಳ್ಳಬೇಕೇ?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಆ ಸೀಮೆಯ ದೊರೆ ನೆರೆಯವರ ಮೇಲೆ ದಂಡು ಹೊರಡಿಸುವವನಿದ್ದ. ಬೇಡವೆಂದು ಬಿನ್ನಹ ಬರೆದು, ಅದಕ್ಕೆ ಊರವರ ಹೆಸರು ಕೂಡಿಸುವ ಕೆಲಸ ಮರುಳಯ್ಯನದು. ಮರುದಿನ ಅದು ಅರಮನೆಗೆ ಹೋಗಬೇಕಿತ್ತು. ಅಂದು ಬೆಳಿಗ್ಗೆ ಅವನು ಮೂರು ಮನೆಯವರಿಗೆ, ನಿಮ್ಮ ಮಾತಿನಲ್ಲಿ ಹುರುಳಿಲ್ಲ, ನಿಮ್ಮ ಹೆಸರು ಬೇಡವೆಂದು ಹೇಳಿ ಬಂದಿದ್ದ.

ಗುರುಗಳು ಅವನಿಗೆ ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಂಡಿತನಿದ್ದ. ಯುದ್ಧವೆಂದರೆ ಅವನಿಗೆ ಆಗುತ್ತಿರಲಿಲ್ಲ. ತರ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದೇ ಅವನ ಕಷ್ಟ.

ಅಲ್ಲಿಯ ಪದ್ಧತಿ ಹೀಗಿತ್ತು. ಯುದ್ಧಕ್ಕೆ ಮೊದಲು ದೊರೆ ಐದು ಕೇರಿಯ ಐವರು ಹಿರಿಯರಿಗೆ ವೀಳ್ಯ ಕಳಿಸುತ್ತಿದ್ದ. ಬಾಯಿಗೆ ಹಾಕಿಕೊಂಡರೆ ಒಪ್ಪಿದಂತೆ. ಬೇಡವೆನ್ನುವವರು ಎಲೆ ಬಾಡುವುದರೊಳಗೆ, ಅದನ್ನು ಅರಮನೆಗೆ ಒಯ್ಯುವ ಪಂಡಿತನ ಕೈಗೆ ಕೊಡಬೇಕು. ಮೂರು ವೀಳ್ಯ ಹಿಂದಿರುಗಿದರೆ ದಂಡು ಹೊರಡುವಂತಿಲ್ಲ. ಕಾರಣ ಹೇಳಬೇಕೆಂಬ ಕಟ್ಟಳೆಯೇನೂ ಇರಲಿಲ್ಲ. ಕೇಳುವ ಚಟ ಪಂಡಿತನದು.

ಆ ಸಲ ಇಬ್ಬರು ಹಿರಿಯರು ಸಂತೋಷದಿಂದ ವೀಳ್ಯ ಹಾಕಿಕೊಂಡರು. ಪಂಡಿತನೂ ಒಂದು ಕೇರಿಯ ಹಿರಿಯ. ಅವನು ತನ್ನ ವೀಳ್ಯವನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಉಳಿದವರು ಒಬ್ಬ ರೈತ, ಒಬ್ಬ ವ್ಯಾಪಾರಿ.

ರೈತ ವೀಳ್ಯ ಹಿಡಿದು ಬಂದ. "ಬಿತ್ತನೆ ಕಾಲ, ಬುದ್ಧಿ. ನನ್ ತಮ್ಮನ್ನೂ ಎತ್ತುಗಳನ್ನೂ ದಂಡಿಗೆ ಎಳ್ಕೊಂಡು ಹೋದ್ರೆ ಹೊಲ ಬೀಳು ಬೀಳ್ತದೆ," ಎಂದ.

"ಹಾಗಾದರೆ ಬಿತ್ತನೆ ಮುಗಿದ ಮೇಲೆ ಜನ ಸಾಯಬಹುದೋ?" ಎಂದು ಪಂಡಿತ ಕೇಳಿದ.

ರೈತನಿಗೆ ಉತ್ತರ ತೋಚಲಿಲ್ಲ. ಇಷ್ಟು ದೊಡ್ಡ ವಿಷಯದಲ್ಲಿ ಎತ್ತಿನ ಮಾತಾಡಿದೆನಲ್ಲ ಎಂದು ನಾಚಿ, ವೀಳ್ಯವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದ. ಆಮೇಲೆ ವ್ಯಾಪಾರಿ ಬಂದ. ಘಟ್ಟದ ದಾರಿ ಮುಚ್ಚಿದರೆ ಉಪ್ಪು ಬರುವುದಿಲ್ಲವೆಂದ. ನಿನ್ನದು ಸ್ವಾರ್ಥವೆಂದು ಪಂಡಿತ ಅವನನ್ನು ಹೊಸಿಲಿನಿಂದಲೇ ಕಳಿಸಿದ. ಒಳ್ಳೆಯ ಕೆಲಸಕ್ಕೆ ಕೆಟ್ಟ ವಾದ ಅಂಟಬಾರದೆಂದು ಅವನ ಹಟ.

ಸಂಜೆ ಅವನು ತನ್ನದೊಂದೇ ವೀಳ್ಯ ಹಿಡಿದು ಅರಮನೆಗೆ ಹೋದ. ತನ್ನ ವಾದವನ್ನು ಮಂಡಿಸಿದ. ಅದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ದೊರೆ ತಲೆದೂಗಿ ಅವನಿಗೆ ಶಾಲು ಹೊದಿಸಿದ. ಮರುದಿನ ದಂಡು ಹೊರಟಿತು.

ಮಳೆಗಾಲ ಕಳೆದ ಮೇಲೆ ಪಂಡಿತ ರೈತನ ಹೊಲದ ದಾರಿಯಲ್ಲಿ ಹಾದುಹೋಗಬೇಕಾಯಿತು. ಹೊಲದ ತುಂಬ ಕಳೆ ಬೆಳೆದಿತ್ತು. ಬದುವಿನ ಮೇಲೆ ರೈತ ಒಬ್ಬನೇ ಕುಳಿತಿದ್ದ. ಪಂಡಿತ ಬದುವಿನ ಹತ್ತಿರ ಹೋಗಿ ನಿಂತ.

"ಅವತ್ತು ನೀವು ಕೇಳಿದ್ದಕ್ಕೆ ಈಗ ಉತ್ತರ ಹೊಳೀತು, ಬುದ್ಧಿ," ಎಂದ ರೈತ. "ಬಿತ್ತನೆ ಮುಗಿಯೋ ತನಕಾನಾದ್ರೂ ನನ್ ತಮ್ಮ ಬದುಕಿರ್ತಿದ್ದ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಈ ಕತೆ ಹೇಳುವಾಗಲೆಲ್ಲ ಅವರಿಗೆ ಸಂಕಟವಾಗುತ್ತಿತ್ತು.

"ಆದರೂ ರೈತ ಕೊಟ್ಟ ಕಾರಣ ಸರಿಯಿರಲಿಲ್ಲವಲ್ಲ, ಗುರುಗಳೇ?" ಎಂದ ಮರುಳಯ್ಯ.

"ಇರಲಿಲ್ಲ," ಎಂದರು ಗುರುಗಳು. "ಬೆಳಿಗ್ಗೆ ನೀನು ಬಿಟ್ಟುಬಂದ ಆ ಮೂರು ಮನೆ ಇಲ್ಲಿಂದ ಎಷ್ಟು ದೂರ?"